ಅಕ್ಕ ತಿನ್ನದ ಅಂಟಿನ ಉಂಡಿ

ತುಪ್ಪದಲ್ಲಿ ಅಂಟು ಅರಳುವಾಗ ಒಂದು ವಾಸನೆ ಏಳುತ್ತದೆ. ಹೋದ ತಿಂಗಳು ಸಿಂಧನೂರಿನಲ್ಲಿ ಶಾಂತಾನ ಮನೆಯ ಬಾಗಿಲಿಗೆ ಕಾಲಿಡುವಾಗ ಅದು ಮೂಗಿಗೆ ಬಡಿಯಿತು. ಚಪ್ಪಲಿ ಬಿಡುವುದನ್ನೂ ಮರೆತು ಹೊಸ್ತಿಲಲ್ಲೇ ನಿಂತುಬಿಟ್ಟೆ. ಶಾಂತಾ ನನ್ನ ಅಕ್ಕನ ಮಗಳು. ಅವಳ ಮಗಳು ಹಡೆದು ಒಂಬತ್ತು ದಿನವಾಗಿತ್ತು, ಬಾಣಂತಿಗೆ ಉಂಡಿ ಕಟ್ಟುವ ಕೆಲಸ ನಡೆದಿತ್ತು. ಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ ಎಲ್ಲ ಪರಾತದಲ್ಲಿ ಹರಡಿಕೊಂಡು ಕೂತಿದ್ದ ಶಾಂತಾ ನನ್ನನ್ನು ಕಂಡು ಬಿಸಿ ಉಂಡಿಯೊಂದನ್ನು ಹಿಡಿದು ಎದ್ದಳು.

"ಚಿಗವ್ವಾ, ಬಾಯಿ ತೆಗಿ."

"ಬ್ಯಾಡಬೇ. ನನಗ ಸಕ್ಕರಿ ಬ್ಯಾನಿ ಐತಿ."

"ಯಾವಾಗಿಂದ? ಹೋದ ಸಲ ಬಂದಾಗ ಮೂರು ಹೋಳಿಗಿ ಹೊಡದಿ!"

ಉಂಡಿ ಕಟ್ಟಲು ಬಂದಿದ್ದ ಪಕ್ಕದ ಮನೆಯ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಶಾಂತಾ ಆ ಉಂಡಿಯನ್ನು ಅವರಲ್ಲೊಬ್ಬಳ ಕೈಗೆ ಕೊಟ್ಟು ಮತ್ತೆ ಕೂತಳು. ಕೂತವಳು ಯಾರಿಗೂ ಅಲ್ಲದ ಹಾಗೆ ಅಂದಳು: "ನನ್ನ ಬಾಣಂತನದಾಗ ಒಬ್ರೂ ಹಿಂಗ ಕಟ್ಟಲಿಲ್ಲ. ಹಡದಾಕಿ ಇದ್ರ ಕಟ್ಟತಿದ್ಲು. ಅಕಿಗೆ ನಾವು ಬ್ಯಾಡಾದ್ವಿ."

ಅಕ್ಕ ಸತ್ತಾಗ ಶಾಂತಾಗೆ ನಾಲ್ಕು ವರ್ಷ. ತನ್ನ ತಾಯಿ ತಾನಾಗಿಯೇ ಜೀವ ಕಳೆದುಕೊಂಡಳು ಎಂದು ಅಕ್ಕನ ಗಂಡನ ಊರು ಮಸ್ಕಿಯ ಮಂದಿ ಆಡಿಕೊಂಡದ್ದನ್ನು ಕೇಳುತ್ತಲೇ ಬೆಳೆದವಳು ಅವಳು. ಅದು ಸುಳ್ಳು ಎಂದು ಗೊತ್ತಿದ್ದವಳು ನಾನೊಬ್ಬಳೇ. ಅವತ್ತೂ ನಾನು ಬಾಯಿ ಬಿಡಲಿಲ್ಲ. ಚಹಾ ಕುಡಿದು, ಕೂಸಿನ ಕೈಯಲ್ಲಿ ದುಡ್ಡಿಟ್ಟು, ಬಸ್ಸು ಹತ್ತಿ ಬಂದೆ. ಬಸ್ಸು ಮಸ್ಕಿ ದಾಟುವಾಗ ಅಕ್ಕನ ಮನೆಯಿದ್ದ ಗುಡ್ಡದ ಕಡೆ ನೋಡಲಿಲ್ಲ. ನನ್ನ ಮೇಲೆ ನನಗೇ ರೋಸಿಹೋಗಿ ಇದನ್ನು ಬರೆಯಲು ಕೂತಿದ್ದೇನೆ. ನಾನು ಕಲಿತದ್ದು ತವರೂರು ಗುರುಗುಂಟಾದಲ್ಲಿ ಮೂರನೇ ಇಯತ್ತೆ, ಅದೂ ಉರ್ದು. ಕನ್ನಡ ಆಮೇಲೆ ಕೂಡಿಸಿ ಕೂಡಿಸಿ ಓದಿ ಕಲಿತದ್ದು. ತಪ್ಪಿದ್ದಲ್ಲಿ ಓದುವವರು ತಿದ್ದಿಕೊಳ್ಳಬೇಕು.

ನಿಜಾಮನ ಆಳ್ವಿಕೆ ಮುಗಿಸಿದ ಪೋಲೀಸ್ ಆಕ್ಷನ್ ಆಗಿ ನಾಲ್ಕೈದು ವರ್ಷವಾಗಿದ್ದ ಕಾಲ. ಸಿಂಧನೂರಿನ ಕಡೆ ಕಾಲುವೆ ತೋಡುತ್ತಿದ್ದಾರೆ, ಇನ್ನು ಆ ಕಡೆಯ ಮುಕ್ಕುಂದದವರೆಲ್ಲ ಅನ್ನವನ್ನೇ ಉಣ್ಣುತ್ತಾರೆ ಎಂದು ಮಂದಿ ಮಾತಾಡುತ್ತಿದ್ದರು. ಮಸ್ಕಿಯ ಹೊಲಗಳಲ್ಲಿ ಮಾತ್ರ ಜೋಳ, ಕಡಲೆ, ಕುಸುಬೆ. ಅಕ್ಕ ಅಮರಮ್ಮನನ್ನು ಕೊಟ್ಟದ್ದು ಅಲ್ಲಿಗೆ. ಎರಡನೆಯ ಹೆರಿಗೆಗೆ ಗುರುಗುಂಟಾಕ್ಕೆ ಬಂದವಳು ಮಳೆಗಾಲದಲ್ಲಿ ಗಂಡುಮಗುವನ್ನು ಹಡೆದು, ದೀಪಾವಳಿ ಮುಗಿಸಿಕೊಂಡು ಗಂಡನ ಮನೆಗೆ ಹೊರಟಳು. ಹೊರಟಾಗ ಅವಳ ತೋಳಿನ ಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ಅದನ್ನು ಕಂಡು ಅವ್ವ ಒಂದು ಡಬ್ಬಿ ತುಂಬ ಅಂಟಿನ ಉಂಡಿ ಕಟ್ಟಿ, ಡಬ್ಬಿಯ ಜೊತೆ ನನ್ನನ್ನೂ ಕಳಿಸಿದಳು. ನನಗಾಗ ಹದಿನಾಲ್ಕು.

"ನೋಡು ಹಂಪೀ," ಅವ್ವ ನನ್ನ ಗದ್ದ ಹಿಡಿದು ಹೇಳಿದ್ದಳು, "ಅಕಿ ಕೈಯಾಗ ಕೊಡಬ್ಯಾಡ. ಕೈಯಾಗ ಕೊಟ್ರ ಊರಿಗೆಲ್ಲ ಹಂಚತಾಳ. ದಿನಾ ಮುಂಜಾನೆ ಒಂದು, ಬಾಯಾಗ ತುರುಕು. ನುಂಗೋತನಕ ಅಲ್ಲೇ ನಿಂದ್ರು."

ಇಷ್ಟೇ ನನ್ನ ಕೆಲಸ. ಗಾಡಿಯಲ್ಲಿ ಮಸ್ಕಿ ಮುಟ್ಟುವ ತನಕ ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಅಕ್ಕನ ಮನೆ ಉಣ್ಣಲು ಇಲ್ಲದ ಮನೆಯಾಗಿರಲಿಲ್ಲ. ಎರಡು ಎಮ್ಮೆ ಹಾಲು ಕರೆಯುತ್ತಿದ್ದವು. ಅಂಗಳದಲ್ಲಿ ನೆಲದೊಳಗೆ ತೋಡಿದ ಜೋಳದ ಹಗೇವು ಇತ್ತು. ಆಳೆತ್ತರಕ್ಕಿಂತ ಆಳ, ಬಾಯಿ ಮಾತ್ರ ಒಬ್ಬರು ಇಳಿಯುವಷ್ಟು. ಅದರ ಮೇಲೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿರುತ್ತಿದ್ದರು. ಅದರ ಮೇಲೆಯೇ ನಾವು ಓಡಾಡುತ್ತಿದ್ದೆವು, ಶಾಂತಾ ಅದರ ಮೇಲೆ ಗಜ್ಜುಗ ಆಡುತ್ತಿದ್ದಳು. ಜೋಳಕ್ಕೆ ಕೊರತೆಯಿಲ್ಲದ ಆ ಮನೆಯಲ್ಲಿ ಉಣ್ಣುವುದಕ್ಕೆ ಮಾತ್ರ ಒಂದು ಸರದಿ ಇತ್ತು. ಮೊದಲು ಗಂಡಸರು. ಮನೆಗೆ ಬಂದ ಜಂಗಮರಿದ್ದರೆ ಗಂಡಸರಿಗಿಂತಲೂ ಮೊದಲು ಅವರು. ಆಮೇಲೆ ಆಳುಗಳು, ಶಾಂತಾ, ತವರಿನಿಂದ ಬಂದ ಹುಡುಗಿ ಎಂದು ನಾನು. ಆಮೇಲೆ ಅಕ್ಕನ ಅತ್ತೆ ಗೌರಮ್ಮ. ಎಲ್ಲರದೂ ಆದ ಮೇಲೆ ಅಕ್ಕ. ಅಷ್ಟು ಹೊತ್ತಿಗೆ ಪಲ್ಯದ ಗಡಿಗೆಯ ತಳ ಕಾಣುತ್ತಿತ್ತು. ಅಕ್ಕ ಆ ಗಡಿಗೆಯಲ್ಲೇ ರೊಟ್ಟಿ ಮುರಿದು ಹಾಕಿ, ನೀರು ಚಿಮುಕಿಸಿ, ಬೆರಳಿನಿಂದ ಒರೆಸಿ ತಿನ್ನುತ್ತಿದ್ದಳು. ನಿಂತುಕೊಂಡೇ. ಕೂಸು ಅತ್ತರೆ ಅದೂ ಇಲ್ಲ. ಹಾಲೂಡುವ ತಾಯಿ ಸೊಪ್ಪು ತಿಂದರೆ ಕೂಸಿಗೆ ಭೇದಿಯಾಗುತ್ತದೆಂದು ಅವಳಿಗೆ ಸೊಪ್ಪಿನ ಪಲ್ಯವನ್ನೂ ನಿಲ್ಲಿಸಿದ್ದರು. ಹಾಲು ಬೆಣ್ಣೆಗೆ ಹೋಗುತ್ತಿತ್ತು.

ಗೌರಮ್ಮ ಕೆಟ್ಟವಳೆಂದು ಬರೆದರೆ ನನಗೆ ಹಗುರವಾದೀತು. ಆದರೆ ಅವಳು ಕೆಟ್ಟವಳಲ್ಲ. ಅವಳೂ ಹಾಗೆಯೇ ಉಂಡು ಮುದುಕಿಯಾದವಳು, ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. "ನಾ ಏಳು ಹಡದೀನಿ. ಐದನೇ ದಿನಕ್ಕ ಬೀಸೋ ಕಲ್ಲಿಗೆ ಕುಂತೀನಿ. ಒಂದು ಉಂಡಿ ಕಂಡಿಲ್ಲ ಈ ಬಾಯಿ." ಎಂಟು ಹಲ್ಲು ಉಳಿದಿದ್ದ ಬಾಯನ್ನು ತೆರೆದು ತೋರಿಸುತ್ತಿದ್ದಳು.

ಮೊದಲನೆಯ ಮುಂಜಾನೆ ನಾನು ಅವ್ವ ಹೇಳಿದಂತೆಯೇ ಮಾಡಿದೆ. ರೊಟ್ಟಿ ಬಡಿಯುತ್ತಿದ್ದ ಅಕ್ಕನ ಬಾಯಿಗೆ ಉಂಡಿ ಒತ್ತಿದೆ. ಅವಳು ಅರ್ಧ ಕಚ್ಚಿ ಉಳಿದರ್ಧವನ್ನು ನನ್ನ ಬಾಯಿಗೆ ಹಾಕಿ ನಕ್ಕಳು. ಎರಡನೆಯ ದಿನ ಶಾಂತಾ ಬಾಗಿಲಲ್ಲಿ ಬೆರಳು ಚೀಪುತ್ತ ನಿಂತಿದ್ದಳು. ಅರ್ಧ ಅವಳಿಗೆ ಹೋಯಿತು. ಮೂರನೆಯ ದಿನ ಗೌರಮ್ಮನ ತಾಟಿನಲ್ಲಿ ಅಕ್ಕ ತಾನೇ ಒಂದು ಇಟ್ಟಳು. ಆಮೇಲೆ ನಾದಿನಿ ಬಂದಳು, ಮೂವರು ಮಕ್ಕಳ ಜೊತೆ. ಇವೆಲ್ಲ ಅಕ್ಕ ಮಾಡಿದ್ದು. ನಾನು ಮಾಡಿದ್ದನ್ನು ಈಗ ಹೇಳುತ್ತೇನೆ.

"ಇವತ್ತ ನೀ ತಿನ್ನಬೇ," ಎಂದಳು ಅಕ್ಕ ಒಂದು ದಿನ. "ನೀನೂ ನಾಳಿ ಹಡಿಯಾಕಿನ. ಎಲುಬು ಗಟ್ಟಿ ಆಗಲಿ."

ತಿಂದೆ. ಮರುದಿನವೂ ತಿಂದೆ. "ಅಕ್ಕ, ನೀನು?" ಎಂದು ಕೇಳುತ್ತಿದ್ದೆ, ಅವಳು "ಆಮ್ಯಾಲೆ ತಿಂತೀನಿ" ಎನ್ನುತ್ತಿದ್ದಳು, ಆ 'ಆಮ್ಯಾಲೆ' ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬೆರಳಿಗೆ ಅಂಟಿದ ತುಪ್ಪ ನೆಕ್ಕುತ್ತಿದ್ದೆ. ಹತ್ತು ಹದಿನೈದು ದಿನ ಕಳೆಯುವುದರಲ್ಲಿ ಅಕ್ಕ ಕೊಡುವುದನ್ನೂ ಕಾಯದೆ ಡಬ್ಬಿಗೆ ಕೈ ಹಾಕಿ ಸೆರಗಿನಲ್ಲಿ ಕಟ್ಟಿಕೊಂಡು ಹಿತ್ತಲಿಗೆ ಹೋಗಿ ತಿನ್ನುವುದನ್ನು ಕಲಿತೆ. ತಿಂಗಳೊಳಗೆ ಡಬ್ಬಿಯ ತಳದಲ್ಲಿ ಗಸಗಸೆ ಉಳಿಯಿತು. ಆ ವಾರವೇ ಅಪ್ಪ ಎತ್ತು ನೋಡಲು ಮಸ್ಕಿಗೆ ಬಂದವನು ಕಟ್ಟೆಯ ಮೇಲೆ ಕೂತು ಕೇಳಿದ: "ಉಂಡಿ ತಿಂದ್ಲೇನವ್ವ ಅಕ್ಕ? ನಿಮ್ಮವ್ವ ಕೇಳಾಕ ಹೇಳ್ಯಾಳ."

"ಎಲ್ಲಾ ತಿಂದ್ಲಪ್ಪಾ. ಡಬ್ಬಿ ಖಾಲಿ."

ಅಪ್ಪ ಖುಷಿಯಿಂದ ಖಾಲಿ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಹೋದ.

ಅದೇ ದಿನಗಳಲ್ಲಿ ಅಕ್ಕನ ನಡಿಗೆ ಬದಲಾಯಿತು. ಹಗಲು ಸರಿಯಾಗಿಯೇ ಇರುತ್ತಿದ್ದಳು. ದೀಪ ಹಚ್ಚುವ ಹೊತ್ತಾಯಿತೆಂದರೆ ಗೋಡೆ ಹಿಡಿಯುತ್ತಿದ್ದಳು. ಒಲೆಯಿಂದ ಬಾಗಿಲಿಗೆ ಏಳು ಹೆಜ್ಜೆ, ಬಾಗಿಲಿಂದ ದನ ಕಟ್ಟುವ ಗ್ವಾದಲಿಗೆ ಹದಿಮೂರು. ತುಟಿ ಅಲ್ಲಾಡಿಸುತ್ತ ಎಣಿಸುವುದನ್ನು ನಾನು ಕಂಡೆ. ಸಂಜೆ ಶಾಂತಾ ಆಡಿ ಬಂದರೆ ಹತ್ತಿರ ಕರೆದು ಅವಳ ಮುಖದ ಮೇಲೆಲ್ಲ ಕೈಯಾಡಿಸುತ್ತಿದ್ದಳು. ಹಣೆ, ಮೂಗು, ಗಲ್ಲ. ಮುದ್ದು ಮಾಡುತ್ತಾಳೆಂದು ಮಗು ಕಿಲಕಿಲ ನಗುತ್ತಿತ್ತು. ಒಂದು ಸಂಜೆ ನಾನು ಸದ್ದಿಲ್ಲದೆ ಅವಳ ಎದುರು ನಿಂತು ನಾಲಿಗೆ ಚಾಚಿದೆ. ಅವಳು ನನ್ನ ಆಚೆ ಎಲ್ಲೋ ನೋಡುತ್ತಿದ್ದಳು.

"ಯಕ್ಕಾ, ನಿನಗ ಕಾಣಂಗಿಲ್ಲ."

ಅವಳು ಗಪ್ಪನೆ ನನ್ನ ಬಾಯಿ ಮುಚ್ಚಿದಳು. "ಸುಮ್ಕಿರಬೇ. ಹೊತ್ತು ಮುಳುಗಿದ ಮ್ಯಾಲೆ ಅಷ್ಟ. ಮುಂಜಾನೆಕ್ಕ ಬರೋಬ್ಬರಿ ಆಕ್ಕಾವ. ಯಾರಿಗೂ ಹೇಳಬ್ಯಾಡ, ನನ್ನ ಆಣಿ. ಕುರುಡಿ ಅಂದ್ರು ಅಂದ್ರ ಇನ್ನೊಂದು ಮದುವಿ ಮಾತು ತೆಗೀತಾರ."

ನಾನು ಆಣೆಗೆ ಹೆದರುವ ಹುಡುಗಿ. ಹೇಳಲಿಲ್ಲ.

ಕಾರ್ತಿಕದ ಕೊನೆಗೆ ಕೂಸಿಗೆ ಕಫ ಕಟ್ಟಿತು. ಗೌರಮ್ಮ, ಅಕ್ಕ, ನಾನು ಕೂಸನ್ನು ಎತ್ತಿಕೊಂಡು ಲಿಂಗಸುಗೂರಿನ ದವಾಖಾನೆಗೆ ಹೋದೆವು. ಅಲ್ಲಿನ ನರ್ಸುಬಾಯಿ ಕೂಸಿನ ಎದೆಗೆ ಕಿವಿಯಿಟ್ಟು ಕೇಳಿ, ಔಷಧ ಕೊಟ್ಟು, ಕೂಸಿಗಿಂತ ಹೆಚ್ಚು ಹೊತ್ತು ಅಕ್ಕನನ್ನೇ ನೋಡಿದಳು. ಕಣ್ಣಿನ ಕೆಳಗಿನ ಚರ್ಮ ಎಳೆದು ನೋಡಿದಳು.

"ಏನು ಉಣತೀಯವ್ವ?"

ಅಕ್ಕ ನೆಲ ನೋಡಿದಳು. ಗೌರಮ್ಮ ಬಾಗಿಲ ಹತ್ತಿರ ಕೂತಿದ್ದಳು. ನರ್ಸುಬಾಯಿ ನನ್ನ ಕಡೆ ತಿರುಗಿದಳು. "ನೀ ಹೇಳು, ಹುಡುಗಿ. ನಿಮ್ಮಕ್ಕ ಏನು ಉಣತಾಳ?"

ಅಷ್ಟು ನೇರವಾದ ಪ್ರಶ್ನೆಯನ್ನು ಅದಕ್ಕೂ ಮೊದಲು ನನ್ನನ್ನು ಯಾರೂ ಕೇಳಿರಲಿಲ್ಲ. ಒಂದು ಮಾತಿನಲ್ಲಿ ಹೇಳಬಹುದಿತ್ತು. ಆದರೆ ಅಕ್ಕ ಉಣ್ಣುವುದಿಲ್ಲ ಎಂದರೆ ಉಂಡಿ ಏನಾಯಿತು ಎಂದು ಗೌರಮ್ಮ ಕೇಳುತ್ತಾಳೆ, ಅದು ಗುರುಗುಂಟಾಕ್ಕೆ ಮುಟ್ಟುತ್ತದೆ.

"ಚಲೋ ಉಣತಾಳ್ರೀ. ಒಂದು ಡಬ್ಬಿ ಅಂಟಿನ ಉಂಡಿ ತಿಂದಾಳ."

"ಹೊತ್ತು ಮುಳುಗಿದ ಮ್ಯಾಲೆ ಕಣ್ಣು ಕಾಣತಾವೇನು?"

ಅಕ್ಕ ಸೆರಗಿನ ಮರೆಯಲ್ಲಿ ನನ್ನ ಕೈ ಹಿಡಿದು ಒತ್ತಿದಳು.

"ಕಾಣತಾವ್ರೀ," ಎಂದೆ.

ನರ್ಸುಬಾಯಿ ನಂಬಿದಳು. ಯಾಕೆ ನಂಬಬಾರದು? ಆದರೂ ಹೊರಡುವಾಗ ಹೇಳಿದಳು: "ತತ್ತಿ ತಿನ್ನೋ ಮಂದಿ ಅಲ್ಲ ನೀವು, ಗೊತ್ತೈತಿ. ನುಗ್ಗಿಸೊಪ್ಪು ತಿನ್ನು, ರಾಜಗಿರಿ ತಿನ್ನು, ಹಾಲು ಕುಡಿ. ಸೊಪ್ಪಿನಿಂದ ಕೂಸಿಗೆ ಏನೂ ಆಗಂಗಿಲ್ಲ. ನಿನಗ ಬ್ಯಾಡಾದ್ರ ಕೂಸಿನ ಸಲುವಾಗಿ ತಿನ್ನವ್ವ."

ಕೂಸಿನ ಸಲುವಾಗಿ! ನನ್ನ ಅಕ್ಕ ಆ ಮಾತನ್ನು ಎಷ್ಟು ಗಟ್ಟಿಯಾಗಿ ಹಿಡಿದಳೆಂದರೆ ಕೂಸಿನ ಕಫ ಇಳಿಯಲಿ ಎಂದು ಆ ಸೋಮವಾರದಿಂದಲೇ ಉಪವಾಸ ಹಿಡಿದಳು. ಕೂಸಿಗೆ ಭೇದಿಯಾದೀತೆಂದು ಸೊಪ್ಪು ಮುಟ್ಟಲಿಲ್ಲ. ಕೂಸಿನ ಸಲುವಾಗಿಯೇ ಹಾಲನ್ನು ಎತ್ತಿಟ್ಟು ಶಾಂತಾಗೆ ಕುಡಿಸಿದಳು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಬೈದೆ, ಕಣ್ಣೀರು ಹಾಕಿದೆ. ಒಂದು ದಿನ ರೊಟ್ಟಿಯ ಬುಟ್ಟಿಯನ್ನೇ ಕಾಲಿನಿಂದ ಒದ್ದೆ.

"ನೀ ಸತ್ತ್ಯಂದ್ರ ಈ ಕೂಸಿನ್ನ ಯಾರು ನೋಡ್ತಾರ?"

"ನೀನಿದ್ದೀಯಲ್ಲ," ಎಂದು ನಕ್ಕಳು ಅಕ್ಕ. ರೊಟ್ಟಿಗಳನ್ನು ಒಂದೊಂದಾಗಿ ಆರಿಸಿ, ಕಣ್ಣಿಗೆ ಒತ್ತಿಕೊಂಡು, ಬುಟ್ಟಿಗೆ ಹಾಕಿದಳು.

ಹೀಗೆ ಸೋತು ಕೂತಿದ್ದಾಗ ಎಳ್ಳಮಾವಾಸ್ಯೆ ಬಂತು. ಆ ದಿನ ನಮ್ಮ ಕಡೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಪುಂಡಿಪಲ್ಯ, ಭರ್ತ ಎಲ್ಲ ಬುಟ್ಟಿಯಲ್ಲಿ ಹೊತ್ತು ಗಾಡಿ ಕಟ್ಟಿದೆವು. ಬೆಳೆಯ ಸುತ್ತ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಬಂದ ಮೇಲೆ ಬನ್ನಿಗಿಡದ ನೆರಳಿಗೆ ಎಲ್ಲರೂ ಒಟ್ಟಿಗೆ ಕೂತರು. ಒಲೆ ಇಲ್ಲ, ಪಡಸಾಲೆ ಇಲ್ಲ. ಗಂಡಸರೇ ಮೊದಲು ಎನ್ನಲು ಜಾಗವೇ ಇಲ್ಲ, ಒಂದೇ ಕಂಬಳಿ. ಅಕ್ಕ ಬಡಿಸಲು ಎದ್ದರೆ ಮಾವ, ಎಂದರೆ ಅಕ್ಕನ ಗಂಡ ವೀರಪ್ಪ, "ಹೊಲದಾಗ ಯಾರು ಯಾರಿಗೂ ಬಡಸಂಗಿಲ್ಲ, ಕೂಡು" ಎಂದ.

ಅಕ್ಕ ಕೂತಳು. ಉಂಡಳು. ಎರಡು ರೊಟ್ಟಿ, ಮೇಲೊಂದು ಕಡುಬು, ಮತ್ತೊಂದು ರೊಟ್ಟಿ. ಬದಿಯ ಸಾಲಿನಿಂದ ಎಳೆ ಕುಸುಬೆ ಸೊಪ್ಪು ಕಿತ್ತು, ಖಾರ ಹಚ್ಚಿ, ರೊಟ್ಟಿಯಲ್ಲಿ ಸುತ್ತಿ ಕರಕರ ಅಗಿದಳು. ಗುರುಗುಂಟಾದಲ್ಲಿ ನನ್ನ ತಾಟಿನಿಂದ ಕಸಿದು ತಿನ್ನುತ್ತಿದ್ದ ಅಕ್ಕ ಮತ್ತೆ ಎದುರಿಗೆ ಕೂತಿದ್ದಳು. ಗೌರಮ್ಮನೂ ಹೊಟ್ಟೆ ತುಂಬ ಉಂಡು, ತೇಗಿ, ಗಾಡಿಯ ನೆರಳಲ್ಲಿ ಗೊರಕೆ ಹೊಡೆದಳು.

ಇಷ್ಟು ದಿನ ಬೈದು ಅತ್ತು ತಿಳಿಯದ್ದು ಆ ಒಂದು ಊಟದಲ್ಲಿ ತಿಳಿಯಿತು. ಅಕ್ಕನಿಗೆ ಹಸಿವಿಲ್ಲದೆ ಇರಲಿಲ್ಲ. ಆ ಅಡಿಗೆಮನೆಯಲ್ಲಿ ಅವಳಿಗೆ ಉಣ್ಣಲು ಆಗುತ್ತಿರಲಿಲ್ಲ, ಅಷ್ಟೇ. ಕೂಸಿನ ಸಲುವಾಗಿ ಉಣ್ಣು, ಸಾಯುತ್ತೀ ಉಣ್ಣು ಎಂದು ಹೇಳುವವರೇ ಎಲ್ಲರೂ. ಬಾ, ನನ್ನ ಜೊತೆ ಕೂತು ಉಣ್ಣು ಎಂದವರು ಯಾರೂ ಇರಲಿಲ್ಲ. ನಾನೂ ಅವಳಿಗಿಂತ ಮೊದಲೇ ಉಂಡು ಕೈ ತೊಳೆದು ಬಂದು ಬೈಯುತ್ತಿದ್ದೆ.

ಮರುದಿನದಿಂದ ಹೊಲಕ್ಕೆ ಬುತ್ತಿ ಒಯ್ಯುವ ಕೆಲಸ ನಾನು ವಹಿಸಿಕೊಂಡೆ. ಹಕ್ಕಿ ಕಾಯಬೇಕು, ಒಬ್ಬಳಿಗೆ ಅಂಜಿಕೆ, ಅಕ್ಕ ಬರಲಿ ಎಂದೆ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಅಕ್ಕ ಬಂದಳು. ಆಳುಗಳಿಗೆ ಬುತ್ತಿ ಕೊಟ್ಟು ನಾವಿಬ್ಬರೂ ಬನ್ನಿಗಿಡದ ಕೆಳಗೆ ಒಂದೇ ಬಟ್ಟೆಯ ಮೇಲೆ ರೊಟ್ಟಿ ಬಿಚ್ಚುತ್ತಿದ್ದೆವು. ಕುಸುಬೆ ಸೊಪ್ಪು, ಕಡಲೆ ಸೊಪ್ಪು, ಬದುವಿನ ನುಗ್ಗೆಯ ಚಿಗುರು. ತೆನೆ ಹಾಲುಗಟ್ಟಿದ ಮೇಲೆ ಎಳೆ ಜೋಳದ ಸೀತನಿ ಸುಟ್ಟು ಉಜ್ಜಿ ಬೆಲ್ಲದ ಜೊತೆ ತಿಂದೆವು. ಕೂಸಿಗೆ ಭೇದಿಯೂ ಆಗಲಿಲ್ಲ, ಏನೂ ಆಗಲಿಲ್ಲ. ತಿಂಗಳಾಗಿರಬೇಕು. ಒಂದು ಸಂಜೆ ಹಳ್ಳ ದಾಟಿ ಮನೆಗೆ ಬರುವಾಗ ಅಕ್ಕ ನನ್ನ ಭುಜ ಬಿಟ್ಟು ನಿಂತಳು.

"ಹಂಪೀ, ಆಚಿ ದಂಡ್ಯಾಗ ಬಿಳಿ ಎತ್ತು ಐತೇನಬೇ?"

"ಐತಿ."

"ಕೊಂಬಿಗೆ ಕೆಂಪು ಕಟ್ಯಾರ?"

ಕಟ್ಟಿದ್ದರು. ನಾವಿಬ್ಬರೂ ಹಳ್ಳದ ಮರಳಿನಲ್ಲಿ ಕೂತು ಹುಚ್ಚರ ಹಾಗೆ ನಕ್ಕೆವು.

ಇಲ್ಲಿಗೇ ಬರೆಯುವುದನ್ನು ನಿಲ್ಲಿಸಿದರೆ ನಾನು ಒಳ್ಳೆಯ ತಂಗಿ.

ಬಾವಿಯ ಹತ್ತಿರ ಯಾರೋ ಗೌರಮ್ಮನಿಗೆ ಅಂದರಂತೆ: "ಏನವ್ವ, ನಿನ್ನ ಸೊಸಿ ಹೊಲದಾಗ ಹೊಟ್ಟಿ ತುಂಬಿಸಿಕೊಳ್ಳಾಕತ್ಯಾಳಂತ? ಮನಿಯಾಗ ಜ್ವಾಳ ಮುಗದಾವೇನು?" ಗೌರಮ್ಮ ಕೊಡ ಇಳಿಸುವ ಮೊದಲೇ ಶುರು ಮಾಡಿದಳು.

"ಹಗೇವು ತುಂಬ ಜ್ವಾಳ ಇಟಗೊಂಡು ಮಂದಿ ಕೈಲೆ ಹೇಳಿಸಿಕೊಳ್ಳೋ ಹಂಗಾತು. ತವರುಮನಿ ಹುಡುಗಿ ಬಂದಾಳ, ಕದ್ದು ಉಣ್ಣೋದು ಕಲಿಸ್ಯಾಳ!"

'ಕದ್ದು' ಎಂದಾಗ ನನ್ನ ಕೈ ಸೆರಗಿನ ಗಂಟಿಗೆ ಹೋಯಿತು. ಅವಳು ಹೇಳಿದ್ದು ಹೊಲದ ಊಟವನ್ನು, ನನಗೆ ನೆನಪಾದದ್ದು ಡಬ್ಬಿ. ಮಾವ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದವನು ಕೆಲಸ ಬಿಟ್ಟು ನನ್ನನ್ನು ಕರೆದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಹಂಪಮ್ಮ, ಖರೇ ಹೇಳು. ನಿಮ್ಮಕ್ಕಗ ಮನಿಯಾಗ ಊಟ ಸಾಲವಲ್ದೇನು? ಆಕಿ ಹೇಳಂಗಿಲ್ಲ. ನೀ ಹೇಳು, ನಾ ನೋಡಿಕೊಂತೀನಿ."

ನೋಡಿಕೊಳ್ಳುತ್ತಿದ್ದ. ಈಗಲೂ ನನಗೆ ಅನುಮಾನವಿಲ್ಲ. ಅವನು ಅಂಥವನು. ಬಾಗಿಲಲ್ಲಿ ಅಕ್ಕ ಬೇಡವೆಂದು ತಲೆಯಾಡಿಸುತ್ತಿದ್ದಳು, ನಿಜ. ಆದರೆ ನಾನು ಸುಮ್ಮನಾದದ್ದು ಅವಳಿಗಾಗಿ ಅಲ್ಲ. ಒಂದು ಎಳೆ ಎಳೆದರೆ ಉಂಡಿಯ ತನಕ ಬಿಚ್ಚಿಕೊಳ್ಳುತ್ತದೆಂದು ಹೆದರಿದೆ.

"ಇಲ್ರೀ ಮಾವ. ಹೊಲದಾಗ ಉಣ್ಣೋ ಹುಚ್ಚು ನಂದ. ಅಕ್ಕನ್ನ ನಾನ ಎಳಕೊಂಡು ಹೋಗ್ತಿದ್ದೆ."

"ಹಂಗಾರ ನಾಳಿಂದ ಬ್ಯಾಡ," ಎಂದ ಮಾವ. ಹಗ್ಗ ಕೈಗೆತ್ತಿಕೊಂಡ.

ಹೊಲ ನಿಂತಿತು. ಅಕ್ಕ ಮತ್ತೆ ಗಡಿಗೆಯ ತಳ ಒರೆಸತೊಡಗಿದಳು. ನಾನು ಅಡಿಗೆಮನೆಯಲ್ಲೇ ಅವಳ ಜೊತೆ ಕೊನೆಗೆ ಕೂಡಬಹುದಿತ್ತು. ಎರಡು ದಿನ ಕೂತೆ. ಗೌರಮ್ಮ "ಪಾಪ, ತವರವರು ಕಾವಲಿಗೆ ಇಟ್ಟಾರ" ಎಂದು ಕುಟುಕಿದಳು. ನನಗೆ ಹಸಿವೆಯೂ ತಡೆಯಲಿಲ್ಲ, ಮಾತೂ ತಡೆಯಲಿಲ್ಲ. ಮೂರನೆಯ ದಿನ ಶಾಂತಾನ ಜೊತೆ ಮೊದಲೇ ಉಂಡೆ. ವಾರದಲ್ಲಿ ಅಕ್ಕ ಮತ್ತೆ ಹೆಜ್ಜೆ ಎಣಿಸುವುದನ್ನು ಕಂಡೆ. ಆಗ ಎಂಥ ಸಿಟ್ಟು ಬಂತೆಂದರೆ, ಅವಳ ಮೇಲೆಯೇ ಬಂತು. ನಾನು ಇಷ್ಟು ಮಾಡಿದರೂ ಇವಳಿಗೆ ಒಂದು ತುತ್ತು ಕೇಳಿ ಉಣ್ಣುವ ಬಾಯಿಲ್ಲವಲ್ಲ!

"ಉಣಬ್ಯಾಡ. ಉಪಾಸ ಸಾಯಿ. ನನಗ ಸಾಕಾತು," ಎಂದೆ.

ಶಿವರಾತ್ರಿಯ ಮೊದಲೇ ಗುರುಗುಂಟಾಕ್ಕೆ ಹೊರಟೆ. ಅಕ್ಕ ನನ್ನ ಚೀಲದಲ್ಲಿ ಬುತ್ತಿ ಕಟ್ಟಿಟ್ಟಳು. ನಾನು ತಿರುಗಿ ನೋಡಲಿಲ್ಲ. ಅವ್ವನಿಗೆ ಅಕ್ಕ ಚೆನ್ನಾಗಿದ್ದಾಳೆ ಎಂದೆ.

ಯುಗಾದಿ ಮುಗಿದ ಮೇಲೆ ಮಸ್ಕಿಯಲ್ಲಿ ಹಗೇವು ತೆರೆದರು. ಹಗೇವಿನೊಳಗೆ ಕೆಟ್ಟ ಗಾಳಿ ಕಟ್ಟಿರುತ್ತದೆ, ತೆರೆದ ಕೂಡಲೇ ಇಳಿದವರು ಉಳಿಯುವುದಿಲ್ಲ. ಅದಕ್ಕೆ ಚಪ್ಪಡಿ ಸರಿಸಿ ಒಂದು ಹಗಲು, ಒಂದು ರಾತ್ರಿ ಬಾಯಿ ತೆರೆದು ಬಿಡುತ್ತಾರೆ. ಮನೆಯವರಿಗೆಲ್ಲ ಗೊತ್ತಿತ್ತು. ಶಾಂತಾಳನ್ನು ಪಕ್ಕದ ಮನೆಗೆ ಕಳಿಸಿದ್ದರು. ಅಕ್ಕನೇ ಮುಂಜಾನೆ ಸುತ್ತ ನಾಲ್ಕು ಕಲ್ಲು ಇಟ್ಟಿದ್ದಳಂತೆ. ಸಂಜೆ ಕರುವೊಂದು ಹಗ್ಗ ಕಿತ್ತುಕೊಂಡು ಅಂಗಳಕ್ಕೆ ಬಂತು. ಅದು ಹಗೇವಿಗೆ ಬಿದ್ದೀತೆಂದು ಅಕ್ಕ ಗಾಬರಿಯಿಂದ ಹೊಯ್ ಹೊಯ್ ಎನ್ನುತ್ತ ಓಡಿದಳು. ಎಣಿಸಿದ ಹೆಜ್ಜೆಯ ಲೆಕ್ಕ ತಪ್ಪಿತು; ಕೂಗು ಕೇಳಿದವರಿದ್ದರು, ಅವಳು ಬಿದ್ದದ್ದನ್ನು ಕಂಡವರಿರಲಿಲ್ಲ. ಮೇಲೆತ್ತುವ ಹೊತ್ತಿಗೆ ಉಸಿರಿರಲಿಲ್ಲ.

ನಾವು ಮಸ್ಕಿ ಮುಟ್ಟಿದಾಗ ಗೌರಮ್ಮ ಅಂಗಳದಲ್ಲಿ ಎದೆ ಬಡಿದುಕೊಳ್ಳುತ್ತಿದ್ದಳು. "ತಾನ ಕಲ್ಲಿಟ್ಟಾಕಿ! ಕಣ್ಣಿದ್ದಾಕಿ ಹೆಂಗ ಬೀಳ್ತಾಳ? ಏನು ಕಡಿಮಿ ಮಾಡಿದ್ದೆ ನಿನಗ, ಏನು ಕಡಿಮಿ ಮಾಡಿದ್ದೆ!" ಆ 'ಹೆಂಗ ಬೀಳ್ತಾಳ' ಒಂದು ಬಾಯಿಂದ ಇನ್ನೊಂದಕ್ಕೆ ದಾಟಿ, ದಿನ ಮುಗಿಯುವುದರೊಳಗೆ 'ಬಿದ್ದಾಳ' ಹೋಗಿ 'ಹಾರ್‍ಯಾಳ' ಆಯಿತು. ನನ್ನ ಅವ್ವ ನನ್ನ ಕೈ ಹಿಡಿದು ಕೇಳಿದಳು: "ಖುಷಿಯಾಗಿದ್ದಾಳ, ಚಲೋ ಉಣತಾಳ ಅಂದ್ಯಲ್ಲಬೇ ನೀನು?" ಅಕ್ಕನಿಗೆ ಸಂಜೆ ಕಣ್ಣು ಕಾಣುತ್ತಿರಲಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಿದರೆ ಯಾಕೆ ಕಾಣುತ್ತಿರಲಿಲ್ಲ ಎಂದು ಹೇಳಬೇಕು. ಅದನ್ನು ಹೇಳಿದರೆ ಡಬ್ಬಿ ಖಾಲಿ ಮಾಡಿದವರು ಯಾರು ಎಂದು ಹೇಳಬೇಕು. ನುಂಗಿದೆ. ಕೂಸನ್ನು ಅವ್ವ ಗುರುಗುಂಟಾಕ್ಕೆ ತಂದು ಆಡಿನ ಹಾಲು ಹಾಕಿ ಬೆಳೆಸಿದಳು. ಶಾಂತಾ ಮಸ್ಕಿಯಲ್ಲೇ, ಆ ಅಂಗಳದಲ್ಲೇ, ಆ ಮಾತಿನಲ್ಲೇ ಬೆಳೆದಳು.

ಇಷ್ಟನ್ನು ಬರೆದು ನಾಲ್ಕು ದಿನ ಇಟ್ಟುಕೊಂಡೆ. ಕಾಗದ ಕಳಿಸಿ ಕೈ ತೊಳೆದುಕೊಳ್ಳುವುದು ಮತ್ತೊಂದು ಹೇಡಿತನ ಅನ್ನಿಸಿತು. ಹೋದ ಬುಧವಾರ ಸಿಂಧನೂರಿಗೆ ಹೋದೆ. ಮಧ್ಯಾಹ್ನ ಮೂರು ದಾಟಿತ್ತು. ಬಾಣಂತಿ ಮಲಗಿದ್ದಳು. ಶಾಂತಾ ಒಬ್ಬಳೇ ಒಲೆಯ ಮುಂದಿದ್ದಳು. ಅವಳ ಎದುರು ಕೂತು ಮೊದಲಿಂದ ಕೊನೆಯ ತನಕ ಹೇಳಿದೆ. ಹೆಂಚಿನ ಮೇಲಿನ ರೊಟ್ಟಿ ಕಪ್ಪಾಯಿತು.

"ಸಂಜಿಕ್ ಅಕಿಗೆ ನನ್ನ ಮಾರಿ ಕಾಣತಿದ್ದಿಲ್ಲೇನು?" ಎಂದಳು ಕೊನೆಗೆ.

"ಇಲ್ಲಬೇ. ಕೈಲೆ ನೋಡತಿದ್ಲು."

"ಆ ಕೈ ನನಗ ನೆನಪೈತಿ." ಕಪ್ಪಾದ ರೊಟ್ಟಿಯನ್ನು ಹೆಂಚಿನಿಂದ ಇಳಿಸುತ್ತ ದನಿ ಏರಿಸಿದಳು. "ಹಬ್ಬಕ್ಕ ಎಲ್ಲಾ ಹಿರಿಯರ ಹೆಸರೀಲೆ ಎಡಿ ಇಡತೀನಿ, ಚಿಗವ್ವ. ಅಕಿ ಹೆಸರೀಲೆ ಒಮ್ಮೀನೂ ಇಟ್ಟಿಲ್ಲ. ಬಿಟ್ಟು ಹೋದಾಕಿಗೆ ಯಾಕ ಇಡ್ಲಿ ಅಂತ. ಇಷ್ಟು ವರ್ಷ ಅಕಿನ್ನ ಉಪಾಸ ಕೆಡವೀನಿ. ನಿನ್ನ ಬಾಯಿಗೆ ಏನಾಗಿತ್ತು? ಹೇಳು, ಏನಾಗಿತ್ತು?"

ಶಾಂತಾ ಎದ್ದು, ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ದೇವರ ಜಗುಲಿಯ ಮುಂದೆ ಒಂದು ತಾಟು ಇಟ್ಟಳು. ಎರಡು ರೊಟ್ಟಿ, ಪುಂಡಿಪಲ್ಯ, ಎರಡು ಅಂಟಿನ ಉಂಡಿ. ಕೈ ಮುಗಿದು ನಿಂತಳು. ಆಮೇಲೆ ಆ ತಾಟನ್ನೇ ತಂದು ನನ್ನ ಮುಂದೆ ಸರಿಸಿ ಅಂದಳು: "ಉಣ್ಣು. ಬಸ್ಸಿನಾಗ ಹಸದು ಬಂದಿರ್ತಿ."

"ನೀ ಉಂಡ್ಯಾ?"

"ಇಲ್ಲ. ಬಾಣಂತಿ ಎದ್ದು ಉಣ್ಲಿ. ಆಮ್ಯಾಲೆ ಉಣತೀನಿ."

ಆಮ್ಯಾಲೆ! ಅಷ್ಟು ಹಳೆಯ ಸಿಟ್ಟು ಇನ್ನೂ ಹಾಗೇ ಇತ್ತು. ಅವಳ ರಟ್ಟೆ ಹಿಡಿದು ಎಳೆದು ಕೂಡಿಸಿದೆ. "ಬ್ಯಾಡ ಚಿಗವ್ವ, ನೀ ತಿನ್ನು, ನೀನೂ..." ಎಂದು ಅವಳು ಉಂಡಿಯನ್ನು ನನ್ನ ಕೈಗೆ ಕೊಡಲು ಬಂದಳು. ಅದನ್ನು ಕಸಿದು ಅವಳ ಬಾಯಿಗೆ ತುರುಕಿದೆ. ಅವಳ ಕಣ್ಣಲ್ಲಿ ನೀರು, ಬಾಯಿ ತುಂಬ ಬೆಲ್ಲ. ಬೈಯಲೂ ಬರಲಿಲ್ಲ ಅವಳಿಗೆ.

ಅವಳು ನುಂಗುವ ತನಕ ನಾನು ಅಲ್ಲೇ ನಿಂತಿದ್ದೆ.